ಅಂಗೈ ಅಗಲದ ಒದ್ದೆ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಅಜ್ಜಿಯ ಕೈಯಿಂದ. ನಾನಿನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ, ಅಷ್ಟರಲ್ಲಿ ಅವಳ ಕೈ ನನ್ನ ಹೊದಿಕೆಯ ಕೆಳಗೆ ನುಗ್ಗಿ ಹಾಸಿಗೆಯನ್ನು ತಡಕುತ್ತಿತ್ತು. ವರ್ಷಗಟ್ಟಲೆ ಸೂಜಿ ಹಿಡಿದು ಗಡುಸಾದ ಬೆರಳುಗಳು. ಅವು ಒಂದು ಕಡೆ ಬಂದು ನಿಲ್ಲುತ್ತಿದ್ದವು. ನಿಂತವೆಂದರೆ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ತೀರ್ಪು ಹೊರಬೀಳುತ್ತಿತ್ತು.

"ಮಾಡ್ಯಾಳ ನೋಡ್ರಿ ಮಹಾರಾಣಿ! ಇವತ್ತೂ ಬಿಟ್ಟಿಲ್ಲ."

ನನ್ನ ಆರನೇ ವಯಸ್ಸಿನಿಂದ ಹತ್ತನೇ ವಯಸ್ಸಿನವರೆಗೆ, ಅಪ್ಪ ಮನೆಯಲ್ಲಿದ್ದ ದಿನ ಬಿಟ್ಟರೆ, ಈ ಮಾತು ತಪ್ಪಿದ ಬೆಳಗು ನನಗೆ ನೆನಪಿಲ್ಲ. ಅದಕ್ಕೂ ಮೊದಲು ಸಣ್ಣ ಮಗು ಎಂಬ ರಿಯಾಯಿತಿ ಇತ್ತು. ಶಾಲೆಗೆ ಸೇರಿದ ದಿನ ಆ ರಿಯಾಯಿತಿ ಮುಗಿಯಿತು. ಈಗ ನಾನು ಸಂಡೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಮ್ಮ. ಸಹೋದ್ಯೋಗಿಗಳು ಯಾವುದಾದರೂ ಮಗುವಿನ ಬಗ್ಗೆ "ಬೇಕಂತಾನೇ ಮಾಡ್ತಾನ್ರಿ" ಅಂದರೆ ಸಾಕು, ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ನಿಮಗೆ ಹೇಗೆ ಗೊತ್ತು, ಮಗುವನ್ನು ಕೇಳಿದಿರಾ ಎಂದು ಜಗಳಕ್ಕೇ ಇಳಿಯುತ್ತೇನೆ. ಶಾರದಾ ಮೇಡಂಗೆ ಬಿ.ಪಿ. ಇರಬೇಕು ಎಂದು ಅವರು ಹಿಂದಿನಿಂದ ಆಡಿಕೊಳ್ಳುವುದೂ ನನಗೆ ಗೊತ್ತು. ನನಗೆ ಬಿ.ಪಿ. ಇಲ್ಲ. ನನಗೆ ಒಬ್ಬಳು ಅಜ್ಜಿ ಇದ್ದಳು, ಅಷ್ಟೇ.

ಕಂಪ್ಲಿಯಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಕುರೆಕುಪ್ಪದಲ್ಲಿ ನಾಲ್ಕು ಜನ ಸೇರಿ ಹಿಡಿದ ರೂಮಿನಲ್ಲಿದ್ದು, ವಾರದ ರಜೆಗೆ ಒಂದು ದಿನ ಮನೆಗೆ ಬರುತ್ತಿದ್ದ. ಉಳಿದ ಆರು ದಿನ ಮನೆಯಲ್ಲಿ ನಾನು, ಅವ್ವ, ಅಜ್ಜಿ. ಅಜ್ಜಿ ಎಂದರೆ ಅಪ್ಪನ ತಾಯಿ. ಪಡಸಾಲೆ ಪೂರ್ತಿ ಅವಳದೇ. ಓಣಿಯ ಹೆಂಗಸರು ಹಳೇ ಸೀರೆ, ಧೋತರ, ಮಕ್ಕಳ ಹರಿದ ಅಂಗಿಗಳನ್ನು ಗಂಟು ಕಟ್ಟಿ ತಂದು ಹಾಕುತ್ತಿದ್ದರು. ಅಜ್ಜಿ ಅವನ್ನೆಲ್ಲ ಕತ್ತರಿಸಿ, ಒಂದರ ಮೇಲೊಂದು ಹಾಸಿ, ಕೌದಿ ಹೊಲಿದುಕೊಡುತ್ತಿದ್ದಳು. ಬಟ್ಟೆಯ ವಿಷಯದಲ್ಲಿ ಅವಳಿಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಹೊಸ ಗಂಟು ಬಂದ ಕೂಡಲೇ ಪ್ರತಿ ಸೀರೆಯ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಒಂದು ಬಿಳಿ ಅರಿವೆಯ ಮೇಲೆ ಒತ್ತಿ ನೋಡುತ್ತಿದ್ದಳು. ಬಿಳಿಯ ಮೇಲೆ ಬಣ್ಣ ಇಳಿದರೆ ಆ ಸೀರೆ ಬದಿಗೆ ಹೋಯಿತು. "ಇದು ಬಣ್ಣ ಬಿಡ್ತದ, ಬಾಜೂದವ್ರನ್ನೂ ಕೆಡಿಸ್ತದ" ಎಂದು ಗೊಣಗುತ್ತಾ ಅದನ್ನು ಒರೆಸುವ ಬಟ್ಟೆಗಳ ರಾಶಿಗೆ ಎಸೆಯುತ್ತಿದ್ದಳು.

ಕೌದಿ ಮುಗಿಯುವ ದಿನ ಒಂದು ಸಣ್ಣ ಶಾಸ್ತ್ರ ಇರುತ್ತಿತ್ತು. ನಡುವೆ ಒಂದು ಮುಷ್ಟಿ ಹೋಗುವಷ್ಟು ಜಾಗವನ್ನು ಹೊಲಿಯದೆ ಬಿಟ್ಟಿರುತ್ತಿದ್ದಳು. ಅದರೊಳಗೆ ಹೋಳಿಗೆಯದೋ ರೊಟ್ಟಿಯದೋ ಒಂದು ಒಣಗಿದ ಚೂರು ಇಟ್ಟು ಆ ಬಾಯಿ ಮುಚ್ಚಬೇಕು. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. ಯಾರು ಅದನ್ನು ಹೊದೆಯುತ್ತಾರೋ ಅವರ ಕೈಯಿಂದಲೇ ತುತ್ತು ಹಾಕಿಸಬೇಕೆಂಬುದು ಅಜ್ಜಿಯ ಕಟ್ಟಳೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು. ಮದುವೆಯಾಗುವ ಹುಡುಗಿಯರು, ಬಾಣಂತಿಯರು, ಮುದುಕರು ನಮ್ಮ ಪಡಸಾಲೆಗೆ ಬಂದು, ನಗುತ್ತಾ ತುತ್ತು ಹಾಕಿ ಹೋಗುವುದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಊರಿಗೆಲ್ಲ ಕೌದಿ ಕೊಟ್ಟ ಆ ಮನೆಯಲ್ಲಿ ನನಗೊಂದು ಕೌದಿ ಇರಲಿಲ್ಲ. ಗೋಣಿಚೀಲ, ಅದರ ಮೇಲೆ ಅಜ್ಜನ ಹಳೇ ಧೋತರದ ತುಂಡು, ಹೊದೆಯಲು ಅವ್ವನ ಸೀರೆ. ಅನ್ನ ಇಟ್ಟ ಕೌದಿಯ ಮೇಲೆ ಉಚ್ಚೆ ಹೊಯ್ದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಅಜ್ಜಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ನಿಜ ಏನೆಂದರೆ ನಾನು ಹೊಯ್ದುಕೊಳ್ಳುತ್ತಿರಲಿಲ್ಲ. ಈ ಒಂದು ವಾಕ್ಯವನ್ನು ನಂಬಿಸಲು ನಾನು ನಾಲ್ಕು ವರ್ಷ ಹೆಣಗಿದೆ. ಎಲ್ಲ ಮಕ್ಕಳ ಹಾಗೆ ನನಗೂ ಹೊತ್ತುಹೊತ್ತಿಗೆ ಅವಸರವಾಗುತ್ತಿತ್ತು, ಬಚ್ಚಲಿಗೆ ಹೋಗಿ ಬರುತ್ತಿದ್ದೆ. ಹೋಗಿ ಬಂದ ಮೇಲೂ ಚಡ್ಡಿ ತೇವವಾಗುತ್ತಿತ್ತು. ಕೂತಾಗ, ನಿಂತಾಗ, ಆಟ ಆಡುವಾಗ, ಮಗ್ಗಿ ಹೇಳುವಾಗ ಹನಿ ಹನಿಯಾಗಿ ತಾನೇ ಬರುತ್ತಿತ್ತು. ಬರುವುದು ನನಗೆ ತಿಳಿಯುತ್ತಲೂ ಇರಲಿಲ್ಲ, ಬಂದ ಮೇಲೆ ತಣ್ಣಗೆ ಹತ್ತಿದಾಗಲೇ ಗೊತ್ತಾಗುತ್ತಿತ್ತು.

"ಅಜ್ಜೀ, ನಾ ಹೋಗಿ ಬಂದೀನಿ. ಆದ್ರೂ ಬರ್ತದ. ಅದು ತಾನೇ ಬರ್ತದ."

"ತಾನೇ ಬರ್ತದಂತ! ನಲ್ಲಿ ಏನಲೇ ಅದು, ತಾನೇ ಬರಾಕ?"

"ಆದ್ರೂ ಬರ್ತದ" ಎಂಬ ನನ್ನ ಮಾತನ್ನು ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇದಕ್ಕೆ: ಸತ್ಯ ಅಜ್ಜಿಯ ಕೈಯಲ್ಲೇ ಇತ್ತು. ದಿನಾ ಬೆಳಿಗ್ಗೆ ಆ ಧೋತರದ ತುಂಡನ್ನು ಬಿಡಿಸಿ ನೋಡುತ್ತಿದ್ದವಳು ಅವಳೇ. ಅದರ ಮೇಲಿನ ಕಲೆ ಯಾವತ್ತೂ ಅಂಗೈಯಷ್ಟೇ ಇರುತ್ತಿತ್ತು. ನಿದ್ದೆಯಲ್ಲಿ ಹೊಯ್ದುಕೊಳ್ಳುವ ಮಕ್ಕಳ ಹಾಸಿಗೆ ಹೇಗಿರುತ್ತದೆ ಎಂಬುದು ಓಣಿಯ ಕೌದಿಗಳನ್ನೆಲ್ಲ ಬಲ್ಲ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ಹಾಸಿಗೆ ಪೂರ್ತಿ ತೊಯ್ದು ತೊಪ್ಪೆಯಾಗಿರುತ್ತದೆ. ನನ್ನದು ಹಾಗಿರಲಿಲ್ಲ. ಆ ವ್ಯತ್ಯಾಸವನ್ನು ಅವಳು ಕಂಡಳು. ಕಂಡು, ಪೂರಾ ಉಲ್ಟಾ ಅರ್ಥ ಮಾಡಿಕೊಂಡಳು.

"ತಡಕೊಳ್ಳಾಕ ಆಗದ ಹುಡುಗ್ರು ಹಾಸಿಗಿ ತುಂಬ ಹೊಯ್ಕೋತಾರ," ಎಂದು ಅವ್ವನಿಗೆ ಆ ತುಂಡು ತೋರಿಸಿ ಹೇಳುತ್ತಿದ್ದಳು. "ಇಕಿ ನೋಡು, ಅಳತಿ ಹಿಡದಂಗ ಅಂಗೈಯಷ್ಟ. ಅಂದ್ರ ಇಕಿಗೆ ತಡಿಯಾಕ ಬರ್ತದ. ನಮ್ಮನ್ನ ಗೋಳು ಹೊಯ್ಕೊಳ್ಳಾಕ ಇಷ್ಟಿಷ್ಟ ಬಿಡ್ತಾಳ."

ಒಂದು ರೋಗವನ್ನು ಹಿಡಿದುಕೊಡುವ ಸಾಕ್ಷಿ ನನ್ನ ಅಪರಾಧದ ಸಾಕ್ಷಿಯಾಯಿತು. ಸಾಕ್ಷಿ ಸಿಕ್ಕ ಮೇಲೆ ಶಿಕ್ಷೆಯೂ ಇರಬೇಕಲ್ಲ. ದೇವರ ಮುಂದೆ ದೀಪ ಹಚ್ಚಿದ ಮೇಲೆ ನನಗೆ ನೀರಿಲ್ಲ. ಕಂಪ್ಲಿಯ ಬೇಸಿಗೆಯನ್ನು ಕಂಡವರಿಗೆ ಇದು ಏನೆಂದು ವಿವರಿಸಬೇಕಿಲ್ಲ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರದ ಚಟ್ನಿ. ಎಲ್ಲರ ತಾಟಿನ ಪಕ್ಕದಲ್ಲೂ ನೀರಿನ ಲೋಟ, ನನ್ನ ತಾಟಿನ ಪಕ್ಕದಲ್ಲಿ ಬರಿ ನೆಲ. ಒಣ ರೊಟ್ಟಿ ಗಂಟಲಲ್ಲಿ ನಿಂತರೆ ಅವ್ವ ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿ ತಲೆ ಎತ್ತದಿದ್ದರೆ ಎರಡು ಚಮಚ ಮಜ್ಜಿಗೆ ಹಾಕುತ್ತಿದ್ದಳು. ನಾನು ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಕೈಯಿಂದ ಇಳಿದ ನೀರನ್ನು ನೆಕ್ಕಿಕೊಂಡು ಬರುತ್ತಿದ್ದೆ. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಅಂಗೈ ಅಗಲದ ಒದ್ದೆ ಇದ್ದೇ ಇರುತ್ತಿತ್ತು. ನೀರು ಬಿಡಿಸಿದರೂ ಕಡಿಮೆಯಾಗಲಿಲ್ಲವಲ್ಲ, ಯಾಕೆ ಎಂದು ಯಾರೂ ಯೋಚಿಸಲಿಲ್ಲ. ನನ್ನ ಹಟ ದೊಡ್ಡದು ಎಂದುಕೊಂಡರು.

ಅವ್ವನನ್ನು ಒಳ್ಳೆಯವಳು ಮಾಡಿ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳು ಅಜ್ಜಿಯ ಜೊತೆ ಜಗಳ ಆಡಿದ್ದು ನಿಜ. "ಅತ್ತಿ, ಡಾಕ್ಟರಿಗೆ ತೋರ್ಸೋಣ್ರಿ" ಎಂದು ಅಡುಗೆಮನೆಯಿಂದಲೇ ಎಷ್ಟೋ ಸಲ ಕೂಗಿದ್ದಾಳೆ. ಆದರೆ ಶಾಲೆಯಲ್ಲಿ ಟೀಚರು ನನ್ನನ್ನು ಬೆಂಚಿನಿಂದ ಎಬ್ಬಿಸಿ, ಬಾಗಿಲ ಬಳಿ ಬೇರೆ ಚೀಲ ಹಾಸಿ ಕೂರಿಸಿದ ದಿನ, ಮನೆಗೆ ಬಂದು ಹೇಳಿದ್ದಕ್ಕೆ ನನ್ನ ಬೆನ್ನಿಗೆ ಬಾರಿಸಿದವಳೂ ಅವಳೇ. ಬಾರಿಸಿ, ಆಮೇಲೆ ತಾನೇ ಅತ್ತಳು. ಎರಡು ಸಲ ಊರಲ್ಲೇ ಡಾಕ್ಟರಿಗೆ ತೋರಿಸಿದರು. ಒಬ್ಬರು ಜಂತುಹುಳದ ಗುಳಿಗೆ ಕೊಟ್ಟರು. ಇನ್ನೊಬ್ಬರು "ಹಾಸಿಗ್ಯಾಗ ಮಾಡ್ತಾಳೇನು?" ಎಂದು ಕೇಳಿದರು, ಅಜ್ಜಿ ಹೌದು ಅಂದಳು, "ದೊಡ್ಡಾಕಿ ಆದ್ಮ್ಯಾಲ ಬಿಡ್ತಾಳ ಬಿಡ್ರಿ" ಎಂದು ಕಳಿಸಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಬರುವ ದಿನ ಗೋಣಿಚೀಲ ಅಟ್ಟ ಸೇರುತ್ತಿತ್ತು, ನಾನು ಅವ್ವನ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗುತ್ತಿದ್ದೆ. "ವಾರಕ್ಕ ಒಂದ್ ದಿನ ಬರ್ತಾನ, ಅವನ ತಲಿ ತಿನ್ನಬ್ಯಾಡ್ರಿ" ಎಂಬುದು ಅಜ್ಜಿಯ ಆಜ್ಞೆ. ಅಪ್ಪ ಕಾರ್ಖಾನೆಯ ದೂಳು ತೊಳೆದುಕೊಂಡು, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಪೂರ್ತಿ ಮಲಗುತ್ತಿದ್ದ. ಎದ್ದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಕರೆದರೆ ನಾನು ಹೋಗುತ್ತಿರಲಿಲ್ಲ. ಅವನ ಲುಂಗಿ ಒದ್ದೆಯಾದರೆ ಎಂಬ ಹೆದರಿಕೆ. ಮಗಳಿಗೆ ತನ್ನ ಮೇಲೆ ಪ್ರೀತಿಯೇ ಇಲ್ಲ ಎಂದು ಅವನು ನಗೆಚಾಟಿಕೆ ಮಾಡುತ್ತಿದ್ದ.

ನನಗೆ ಎಂಟು ವರ್ಷವಾದಾಗ ಅಜ್ಜಿ ಹಂಪಿಗೆ ಹರಕೆ ಹೊತ್ತಳು. ನಾನು ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಗುಡಿಯ ಬಾಗಿಲವರೆಗೆ ದೀಡ ನಮಸ್ಕಾರ ಹಾಕಬೇಕು. ಒಂದೊಂದು ಹೆಜ್ಜೆಗೂ ನೆಲಕ್ಕೆ ಉದ್ದಕ್ಕೆ ಮಲಗಿ, ಎದ್ದು, ಮತ್ತೆ ಮಲಗಿ ಸಾಗಿದೆ. ಮೊಣಕಾಲು ತರಚಿತು. ಆದರೆ ಅವತ್ತಿನಷ್ಟು ಸಂತೋಷದ ದಿನ ಆ ನಾಲ್ಕು ವರ್ಷದಲ್ಲಿ ಇನ್ನೊಂದಿಲ್ಲ. ನನ್ನ ಹಿಂದೆ ಮುಂದೆ ಹರಕೆ ತೀರಿಸುತ್ತಿದ್ದವರೆಲ್ಲರ ಬಟ್ಟೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಲಂಗವನ್ನು ಯಾರೂ ಹಿಂದಿನಿಂದ ನೋಡಿ ಮೂಗು ಮುಚ್ಚಿಕೊಳ್ಳಲಿಲ್ಲ. ಹಂಪಿ ಬಜಾರಿನ ಕಲ್ಲುಮಂಟಪದ ಅಂಗಡಿಯಲ್ಲಿ ಅಜ್ಜಿ ನನಗೆ ಹಸಿರು ಬಳೆ ತೊಡಿಸಿದಳು, ಕೈಹಿಡಿದು ನಡೆಸಿದಳು. ಮರುದಿನ ಬೆಳಿಗ್ಗೆ ಅದೇ ಕೈ ಹೊದಿಕೆಯ ಕೆಳಗೆ ಬಂತು. ಅಂಗೈ ಅಗಲದ ಒದ್ದೆ ಹಾಗೇ ಇತ್ತು.

"ದೇವ್ರಿಗೂ ಬಗ್ಗಲಿಲ್ಲಲ್ಲಲೇ ನೀನು!"

ಹತ್ತನೇ ವಯಸ್ಸಿನಲ್ಲಿ ಒಂದು ದಿನ ಚಳಿ ಜ್ವರ ಬಂತು. ಎಡಗಡೆ ಪಕ್ಕೆಯ ಹಿಂದೆ ವಿಪರೀತ ನೋವು. ಮೂರು ದಿನವಾದರೂ ಇಳಿಯಲಿಲ್ಲ. ಅವ್ವ ಯಾರನ್ನೂ ಕೇಳದೆ ನನ್ನನ್ನು ಎತ್ತಿಕೊಂಡು ಹೊಸಪೇಟೆಯ ಬಸ್ಸು ಹತ್ತಿದಳು. ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಎಡಗಡೆ ಕಿಡ್ನಿಯ ಮೇಲಿನ ಭಾಗ ಊದಿಕೊಂಡಿದೆ, ಜ್ವರ ಇಳಿದ ಮೇಲೆ ಬಳ್ಳಾರಿಗೆ ಹೋಗಿ ಮಕ್ಕಳ ಆಪರೇಷನ್ ಮಾಡುವ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದರು. ಮನೆಯಲ್ಲಿ ಕಿಡ್ನಿ ಎಂಬ ಮಾತು ಕೇಳಿದ ಅಜ್ಜಿ ಆ ಚೀಟಿಯನ್ನು ದೇವರ ಮುಂದೆ ಇಟ್ಟಳು. ಬಳ್ಳಾರಿಗೆ ಅವಳೂ ಬಂದಳು.

ಆ ಡಾಕ್ಟರು ಮೈಸೂರಿನ ಕಡೆಯವರು. ಅವರು ಅಜ್ಜಿಯನ್ನಲ್ಲ, ಅವ್ವನನ್ನಲ್ಲ, ಮೊದಲು ನನ್ನನ್ನು ಕೇಳಿದರು.

"ನೀನು ಎಲ್ಲರ ಥರ ಟಾಯ್ಲೆಟ್‌ಗೆ ಹೋಗ್ತೀಯಾ ಪುಟ್ಟಿ?"

"ಹೋಗ್ತೀನ್ರಿ."

"ಹೋಗಿ ಬಂದ ಮೇಲೂ ಒದ್ದೆ ಆಗುತ್ತಾ?"

ನಾನು ಹೌದು ಅನ್ನಲು ಹೋದೆ, ಅಳು ಬಂತು. ಇಷ್ಟು ವರ್ಷ ನಾನು ಹೇಳುತ್ತಿದ್ದುದನ್ನೇ ಅವರು ಪ್ರಶ್ನೆ ಮಾಡಿ ಕೇಳಿದ್ದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಅಜ್ಜಿ, ಬೆಳಿಗ್ಗೆ ಹಾಸಿಗೆ ಎಷ್ಟು ಒದ್ದೆ ಆಗಿರುತ್ತೆ?"

"ಅಂಗೈಯಷ್ಟ್ ನೋಡ್ರಿ. ದಿನಾ ಅಷ್ಟ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನ ಮೊದಲೇ ಯಾರಿಗಾದರೂ ಹೇಳಬಾರದಿತ್ತಾ?"

"ಯಾರ್ ಕೇಳ್ಯಾರ್ರೀ?" ಅಂದಳು ಅಜ್ಜಿ.

ಮರುದಿನ ಪರೀಕ್ಷೆ ಮಾಡಿದರು. ಸಣ್ಣ ನಳಿಕೆಯಿಂದ ನನ್ನ ಮೂತ್ರಚೀಲಕ್ಕೆ ನೀಲಿ ಔಷಧಿ ತುಂಬಿಸಿ, ಬಿಳಿ ಬಟ್ಟೆ ಕಟ್ಟಿ, ಅರ್ಧ ಗಂಟೆ ವಾರ್ಡಿನಲ್ಲಿ ಅಡ್ಡಾಡು ಎಂದರು. ಅಡ್ಡಾಡಿದೆ. ಆಮೇಲೆ ನರ್ಸ್ ಬಟ್ಟೆ ಬಿಚ್ಚಿದರು, ನನ್ನನ್ನು ಬಚ್ಚಲಿಗೆ ಕಳಿಸಿದರು. ಬಚ್ಚಲಲ್ಲಿ ಹೋದದ್ದು ಶಾಯಿಯಷ್ಟು ನೀಲಿ. ಬಟ್ಟೆ ಮಾತ್ರ ಒದ್ದೆಯಾಗಿತ್ತು, ಆದರೆ ಬೆಳ್ಳಗೇ ಇತ್ತು. ಡಾಕ್ಟರು ಅದನ್ನು ತೋರಿಸಿ ಅವ್ವನಿಗೆ ವಿವರಿಸಲು ಶುರು ಮಾಡಿದರು. ಎಡಗಡೆ ಕಿಡ್ನಿಯಿಂದ ಒಂದರ ಬದಲು ಎರಡು ನಾಳ ಇಳಿದಿವೆ, ಒಂದು ಸರಿಯಾಗಿ ಮೂತ್ರಚೀಲ ಸೇರಿದೆ, ಇನ್ನೊಂದು ದಾರಿ ತಪ್ಪಿ ಚೀಲದ ಕೆಳಗೆ ಹೊರಗಡೆ ತೆರೆದುಕೊಂಡಿದೆ, ಅದಕ್ಕೆ ತಡೆಯುವ ಬಾಗಿಲೇ ಇಲ್ಲ, ಹುಟ್ಟಿದಾಗಿನಿಂದ ಹೀಗೇ ಎಂದರು. ಅವ್ವ ತಲೆಯಾಡಿಸುತ್ತಿದ್ದಳು, ಅವಳಿಗೆ ತಿಳಿಯಲಿಲ್ಲ. ಅಜ್ಜಿ ನರ್ಸಿನ ಕೈಯಿಂದ ಆ ಬಟ್ಟೆ ಕಸಿದುಕೊಂಡಂತೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಜೀವಮಾನವೆಲ್ಲ ಸೆರಗು ಅದ್ದಿ ಬಿಳಿ ಅರಿವೆಗೆ ಒತ್ತಿ ನೋಡಿದವಳು. ಹಿಂದೆ ಮುಂದೆ ತಿರುಗಿಸಿದಳು. ಮೂಗಿನ ಹತ್ತಿರ ತಂದಳು. ಆಮೇಲೆ ಅವ್ವನ ಕಡೆ ತಿರುಗಿ ಬಹಳ ಮೆಲ್ಲಗೆ ಹೇಳಿದಳು.

"ಲಲಿತಾ, ಇದು ಆ ಕೊಡದ ನೀರಲ್ಲ. ಇದು ಬ್ಯಾರೆ ಕೊಡದ್ದು. ಹುಡುಗಿಗೆ ಗೊತ್ತೇ ಇಲ್ಲ ಇದು."

ನಾಲ್ಕು ವರ್ಷದಲ್ಲಿ ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಅದನ್ನೂ ನನಗೆ ಹೇಳಲಿಲ್ಲ, ಅವ್ವನಿಗೆ ಹೇಳಿದಳು. ನಾನು ಕಾದೆ. ಅವಳು ಬಟ್ಟೆ ಮಡಿಚಿ ನರ್ಸಿಗೆ ಕೊಟ್ಟು ಹೊರಗೆ ಹೋದಳು. ಡಾಕ್ಟರು ನನ್ನ ತಲೆ ಸವರಿ "ಯಾರದೂ ತಪ್ಪಲ್ಲ ಪುಟ್ಟಿ" ಎಂದರು. ಅಷ್ಟು ಒಳ್ಳೆಯ ಮನುಷ್ಯನ ಮೇಲೂ ನನಗೆ ಆಗ ಸಿಟ್ಟು ಬಂತು. ನಾಲ್ಕು ವರ್ಷ ಅದು ನನ್ನ ತಪ್ಪಾಗಿತ್ತು. ನನ್ನದಲ್ಲ ಎಂದು ಗೊತ್ತಾದ ಕ್ಷಣವೇ ಅದು ಯಾರದೂ ಅಲ್ಲದ ತಪ್ಪಾಗಿಬಿಟ್ಟಿತು.

ಆಪರೇಷನ್ ದಿನ ಅಪ್ಪ ಶಿಫ್ಟ್ ಮುಗಿಸಿ ಕಾರ್ಖಾನೆಯ ಬಟ್ಟೆಯಲ್ಲೇ ಬಂದ. ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳಂತೆ. ನನ್ನ ಮಂಚದ ಹತ್ತಿರ ಬಂದವನು ನನ್ನ ಪಾದ ಹಿಡಿದು ಕೂತ. ದಾರಿ ತಪ್ಪಿದ ನಾಳವನ್ನು ಮೂತ್ರಚೀಲಕ್ಕೆ ಜೋಡಿಸಿದರು. ನೋವು ಇತ್ತು, ನಳಿಕೆಗಳು ಇದ್ದವು, ಜ್ವರ ಒಮ್ಮೆ ಬಂದು ಹೋಯಿತು. ನಳಿಕೆ ತೆಗೆದ ಮೇಲೆ ಮೊದಲ ಬೆಳಗು ನಾನೇ ಕೈ ಹಾಕಿ ನೋಡಿಕೊಂಡೆ. ಹಾಸಿಗೆ ಒಣಗಿತ್ತು. ಎಷ್ಟೋ ಹೊತ್ತು ಕೈ ಅಲ್ಲೇ ಇಟ್ಟುಕೊಂಡು ಮಲಗಿದ್ದೆ.

ಮನೆಗೆ ಬಂದ ಮೇಲೂ ಅಜ್ಜಿಯ ಕೈ ಬರುವುದು ನಿಲ್ಲಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಹೊದಿಕೆಯ ಕೆಳಗೆ ಬಂದು, ತಡಕಿ, ಒಣಗಿದ್ದನ್ನು ಮುಟ್ಟಿ, ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು. ತೀರ್ಪು ಹೇಳುತ್ತಿರಲಿಲ್ಲ. ಒದ್ದೆ ಇದ್ದಾಗ ಓಣಿಗೆಲ್ಲ ಕೇಳುತ್ತಿದ್ದ ಬಾಯಿ, ಒಣಗಿದಾಗ ಯಾಕೆ ತೆರೆಯುವುದಿಲ್ಲ? ನನಗೆ ಬೇಕಾಗಿದ್ದುದು ಒಂದೇ ಮಾತು. ನೀ ಸುಳ್ಳು ಹೇಳಿರ್ಲಿಲ್ಲ ಬಿಡವ್ವಾ, ಅಷ್ಟೇ. ನಾನು ನಿದ್ದೆ ಬಂದವಳ ಹಾಗೆ ಮಲಗಿ ದಿನಾ ಅದಕ್ಕೆ ಕಾಯುತ್ತಿದ್ದೆ.

ಎರಡು ತಿಂಗಳು ಅವಳು ಯಾರ ಗಂಟನ್ನೂ ಬಿಚ್ಚಲಿಲ್ಲ. ಪೆಟ್ಟಿಗೆಯಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದು ಕತ್ತರಿಸಿದಳು. ಅವ್ವ "ಅತ್ತಿ, ಅದನ್ಯಾಕ್ರಿ?" ಎಂದು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಒಂದು ಸಂಜೆ, ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದ ಮೇಲೆ, ಅಜ್ಜಿ ನನ್ನನ್ನು ಪಡಸಾಲೆಗೆ ಕರೆದಳು. ನೆಲದ ತುಂಬ ಹರಡಿದ ಹೊಸ ಕೌದಿ, ನಡುವೆ ಬಿಟ್ಟ ಬಾಯಿ, ಪಕ್ಕದ ತಾಟಿನಲ್ಲಿ ಹೋಳಿಗೆಯ ಚೂರು.

"ಬಾ ಶಾರಿ, ಕುಂದ್ರು. ನಿಂದ ಇದು. ತುತ್ತು ಹಾಕು."

ಎಷ್ಟು ಚೆಂದ ಇತ್ತು ಅದು. ಕೈ ಮುಂದೆ ಹೋಯಿತು ಕೂಡ. ಆದರೆ ಬಾಯಿ ಬೇರೆಯದೇ ಹೇಳಿತು.

"ನೀನು ನಂಗ ನೀರ ಕೊಡ್ಲಿಲ್ಲ. ನಾನು ಇದಕ್ಕ ತುತ್ತು ಹಾಕಂಗಿಲ್ಲ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತಳು. ಅಜ್ಜಿ ಬಯ್ಯಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ತಾಮ್ರದ ತಂಬಿಗೆಯ ತುಂಬ ನೀರು ತಂದು ನನ್ನ ಮುಂದಿಟ್ಟು, ಎದುರಿಗೆ ಕೂತಳು. ದೇವರ ದೀಪ ಉರಿಯುತ್ತಿತ್ತು. ನಾನು ತಂಬಿಗೆ ಎತ್ತಿ, ಅವಳ ಮುಖ ನೋಡುತ್ತಲೇ, ಪೂರ್ತಿ ಕುಡಿದೆ. ಮೋರೆಯ ಮೇಲೆ, ಲಂಗದ ಮೇಲೆಲ್ಲ ಚೆಲ್ಲಿಕೊಂಡು ಕುಡಿದೆ. ಖಾಲಿ ತಂಬಿಗೆ ಕೆಳಗಿಟ್ಟು ಎದ್ದು ಹೋದೆ. ತುತ್ತು ಹಾಕಲಿಲ್ಲ.

ಅವಳೂ ಆ ಬಾಯಿ ಹೊಲಿಯಲಿಲ್ಲ. ದಾರ ಪೋಣಿಸಿದ ಸೂಜಿಯನ್ನು ಅದರ ಅಂಚಿಗೇ ಚುಚ್ಚಿ, ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಹಾಸಿಗೆಯೂ ಒದ್ದೆಯಾಗುತ್ತಿತ್ತು. ದಿನಾ ಬೆಳಿಗ್ಗೆ ಕೈ ಹಾಕಿ ನೋಡಿ ಬಟ್ಟೆ ಬದಲಿಸುತ್ತಿದ್ದವಳು ನಾನೇ. ಅವಳು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ನಾನು ಕಾಯುತ್ತಿದ್ದ ಆ ಮಾತನ್ನು ಅವಳು ಆಗಲೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಕೌದಿ ಈಗ ಸಂಡೂರಿನ ನನ್ನ ಮನೆಯ ಬೀರುವಿನಲ್ಲಿದೆ. ಪ್ರತಿ ವರ್ಷ ಬಿಸಿಲಿಗೆ ಹಾಕುತ್ತೇನೆ. ಸೂಜಿ ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿದೆ, ಬಾಯಿ ಹಾಗೇ ತೆರೆದಿದೆ, ನನ್ನ ಅಂಗೈ ಸರಿಯಾಗಿ ಅದರೊಳಗೆ ಹಿಡಿಸುತ್ತದೆ. ಒಂದು ಚೂರು ರೊಟ್ಟಿ, ಹತ್ತು ಹೊಲಿಗೆ, ಅಷ್ಟೇ ಕೆಲಸ. ಈ ಸಲವೂ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಅದರ ಮುಂದೆ ಕೂತೆ. ಆಮೇಲೆ ಆ ರೊಟ್ಟಿಯನ್ನು ನಾನೇ ತಿಂದು, ನೀರು ಕುಡಿದು, ಕೌದಿ ಮಡಿಚಿಟ್ಟೆ.